ಇಪ್ಪತ್ಮೂರನೇ ಬಾಗಿಲು

ನಮ್ಮೂರಿನ ಪೆಟ್ಟಿಗೆಯನ್ನು ನೋಡಿಕೊಳ್ಳುವವನು ನಾನು. ಇಷ್ಟು ಹೇಳಿದರೆ ನಮ್ಮೂರಿನವರು ಎದ್ದು ನಿಲ್ಲುತ್ತಾರೆ. ನೀವು ಹೊರಗಿನವರು, ಕೂತೇ ಕೇಳಿ, ನಾನು ಬೇಸರ ಮಾಡಿಕೊಳ್ಳುವುದಿಲ್ಲ.

ನಮ್ಮಲ್ಲಿ ಕಾಲಿರುವುದು ರಸ್ತೆಯಲ್ಲಿ ಹೋಗುತ್ತದೆ, ಕಾಲಿಲ್ಲದ್ದು ಪೆಟ್ಟಿಗೆಯಲ್ಲಿ ಹೋಗುತ್ತದೆ. ಒಂದು ಮನೆಯ ನಗು, ಕೆಮ್ಮು, ಜಗಳ, ಜೋಗುಳ, ಒಗ್ಗರಣೆಯ ಘಮ, ಇವು ಪಕ್ಕದ ಮನೆಗೆ ಮುಟ್ಟಬೇಕಾದರೂ ಮೊದಲು ನಗರಸಭೆಯ ಹಿಂದಿನ ಕೋಣೆಗೆ ಬಂದು, ಪೆಟ್ಟಿಗೆಯಲ್ಲಿ ತನ್ನ ನಂಬರಿನ ಬಾಗಿಲಿನಿಂದ ಹೊಕ್ಕು ಹೊರಬಿದ್ದು, ಆಮೇಲೆ ಆ ಮನೆ ಸೇರಬೇಕು. ಗೋಡೆಗೆ ಕಿವಿ ಹಚ್ಚಿದರೆ ಗೋಡೆ ತಣ್ಣಗಿರುವುದು ತಿಳಿಯುತ್ತದೆ, ಅಷ್ಟೆ. ಪೆಟ್ಟಿಗೆ ಆನೆಮರಿಯಷ್ಟು ದೊಡ್ಡದು. ಅಳತೆ ಟೇಪು ಹಿಡಿದರೆ ಎರಡಡಿ ಬರುತ್ತದೆ, ಆದರೆ ಆ ಟೇಪು ಹಳೆಯದು.

ಬಾಗಿಲುಗಳು ಒಟ್ಟು ನಲವತ್ತೊಂದು. ಹನ್ನೊಂದನೆಯದು ಒಗ್ಗರಣೆಗೆ. ಇಪ್ಪತ್ತೆರಡು ಪಿಸುಮಾತಿಗೆ, ಅದಕ್ಕೆ ಬೀಗವಿದೆ. ಐವತ್ತಮೂರು ‘ಇಂಥವರ ಮನೆ ಎಲ್ಲಿ’ ಎಂದು ಕೇಳುವುದಕ್ಕೆ. ಎಂಬತ್ತು ಊರಿನ ಸುದ್ದಿಗೆ, ಅದು ಹಗಲಿಡೀ ಬಿಸಿಯಾಗಿರುತ್ತದೆ. ನಲವತ್ತೊಂದು ಬಾಗಿಲಿನಲ್ಲಿ ಎಂಬತ್ತನೇ ನಂಬರು ಹೇಗೆ ಬಂತು ಎಂದು ಕೇಳಬೇಡಿ, ಬಸ್ಸುಗಳ ನಂಬರಿಗೂ ಲೆಕ್ಕವಿಲ್ಲ. ಯಾವ ಬಾಗಿಲು ತೆರೆದಿರಬೇಕು, ಯಾವುದು ಮುಚ್ಚಿರಬೇಕು, ಯಾರ ಮನೆಯದು ಯಾರ ಮನೆಗೆ ಹೋಗಬಾರದು, ಇದೆಲ್ಲ ನನ್ನ ಕೈಯಲ್ಲಿ. ದಿನಕ್ಕೆ ಇನ್ನೂರು ಅರ್ಜಿ ಬರುತ್ತವೆ. ಎದುರು ಮನೆಯ ಮೀನಿನ ವಾಸನೆ ಬಂದ್ ಮಾಡಿ. ಎದುರು ಮನೆಯ ಮೀನಿನ ವಾಸನೆ ಬಂದ್ ಮಾಡಿದ್ದೀರಂತೆ, ದಯವಿಟ್ಟು ಬಿಡಿ. ನಮ್ಮ ಅಳಿಯನ ಗೊರಕೆಯನ್ನು ಅವನ ತಾಯಿಯ ಮನೆಗೆ ತಿರುಗಿಸಿ, ಅವರೂ ಸ್ವಲ್ಪ ಕೇಳಲಿ. ಯಾರ ಮನೆಯಲ್ಲಿ ಯಾರು ಯಾವ ಸ್ವರದಲ್ಲಿ ಸೀನುತ್ತಾರೆ ಎಂಬುದನ್ನು ನಾನು ಲಾಗ್, ಅಂದರೆ ಪೆಟ್ಟಿಗೆ ಬರೆದಿಡುವ ದಾಖಲೆ, ನೋಡದೆಯೇ ಹೇಳಬಲ್ಲೆ. ಇಂಥ ನಾನು ಜೀವಮಾನದಲ್ಲಿ ಒಮ್ಮೆ ಎಡವಿದೆ. ಅದರಲ್ಲಿ ಛತ್ರಿ ರಿಪೇರಿಯ ಬೊಮ್ಮಲಿಂಗಯ್ಯನವರ ಆರು ವರ್ಷದ ಆಟವೊಂದು ಮಣ್ಣುಪಾಲಾಗುವುದಿತ್ತು. ಆ ಕಥೆಯನ್ನೇ ಹೇಳುತ್ತಿದ್ದೇನೆ. ಯಾಕೆಂದರೆ ಗೆದ್ದ ಕಥೆಗಳು ತುಂಬ ಇವೆ, ಒಂದೇ ದಿನಕ್ಕೆ ಮುಗಿಯುವುದಿಲ್ಲ.

ಶುರುವಾದದ್ದು ನಮ್ಮ ಅಧ್ಯಕ್ಷೆ ಜಲಜಾಕ್ಷಿ ಮೇಡಮ್ಮನವರಿಂದ. ಅವರು ಪಕ್ಕದ ಊರಿನ ಸಭೆಗೆ ಹೋಗಿ ಬಂದವರು ಕೈಚೀಲವನ್ನೂ ಇಳಿಸದೆ ನೇರ ನನ್ನ ಕೋಣೆಗೆ ಬಂದರು.

“ನಿರ್ವಾಣಯ್ಯನೋರೇ, ಆ ಊರಲ್ಲಿ ಏನಾಗಿದೆ ಗೊತ್ತಾ? ಯಾರೋ ಪೆಟ್ಟಿಗೆ ಒಳಕ್ಕೆ ನುಗ್ಗಿ ಎಲ್ಲಾ ಅದಲು ಬದಲು ಮಾಡಿಬಿಟ್ಟಿದಾರೆ. ಒಂದು ವಾರ ಹೆಡ್‌ಮಾಸ್ತರ ಮನೆಯ ಜಗಳ ಪೂರ್ತಿ ಪೂಜಾರಿ ಮನೆಯಲ್ಲಿ ಕೇಳಿಸ್ತಂತೆ. ಪೂಜಾರಿ ಹೆಂಡತಿ ಅದನ್ನ ನಂಬಿಕೊಂಡು ತೌರಿಗೆ ಹೋಗಿಬಿಟ್ಟಿದಾಳೆ.”

“ನಮ್ಮಲ್ಲಿ ಆಗೋದಿಲ್ಲ ಮೇಡಂ. ಗಾಳಿ ಬಂದ್ರೂ ನನ್ನನ್ನ ಕೇಳಿಕೊಂಡು ಬರಬೇಕು.”

“ಪಾಸ್‌ವರ್ಡ್ ಏನಿಟ್ಟಿದೀರಿ?”

“ಅದು ಗುಟ್ಟು.”

“ಅಡ್ಮಿನ್ ತಾನೆ?” ಎಂದರು ಮೇಡಂ. “ನಮ್ಮ ಮನೆ ಕೆಲಸದ ಸಿದ್ದಿಗೂ ಗೊತ್ತು. ಬೆಳಿಗ್ಗೆ ಒಗ್ಗರಣೆ ಬರಲಿಲ್ಲ ಅಂದ್ರೆ ಅವಳೇ ಹೋಗಿ ಸರಿ ಮಾಡಿ ಬರ್ತಾಳೆ.”

ಪೆಟ್ಟಿಗೆ ಬಂದಾಗಿನಿಂದ, ಅಂದರೆ ಹತ್ತೊಂಬತ್ತು ವರ್ಷದಿಂದ, ಪಾಸ್‌ವರ್ಡ್ ಅದೇ ಆಗಿತ್ತು ಎಂಬುದು ನಿಜ. ಅದರಲ್ಲಿ ನನ್ನದೊಂದು ತಂತ್ರವಿತ್ತು. ಇಷ್ಟು ಸುಲಭವಾದದ್ದನ್ನು ಯಾರೂ ಊಹಿಸಲಾರರು ಎಂಬುದು ಆ ತಂತ್ರ. ಊರಿನ ಸುಮಾರು ಎಲ್ಲರೂ ಊಹಿಸಿದ್ದರು ಎಂದು ಆ ದಿನ ತಿಳಿಯಿತು. ತಿಂಗಳೊಳಗೆ ಪೆಟ್ಟಿಗೆಯನ್ನು ಬಿಗಿ ಮಾಡಿ, ಬೇಡದ ಬಾಗಿಲು ಮುಚ್ಚಿ, ವರದಿ ಕೊಡಿ ಎಂದು ಮೇಡಂ ಹೇಳಿ ಹೋದರು.

ಅಂದೇ ಪಾಸ್‌ವರ್ಡ್ ಬದಲಿಸಿದೆ. ಹೊಸ ಪಾಸ್‌ವರ್ಡ್ ಎಷ್ಟು ಗಟ್ಟಿಯಾಗಿತ್ತೆಂದರೆ ಅದನ್ನು ಹಾಕಿ ಮುಗಿಸುವಷ್ಟರಲ್ಲಿ ಕಾಫಿ ಆರುತ್ತಿತ್ತು. ಪೆಟ್ಟಿಗೆಯ ಬೆನ್ನಿನಲ್ಲಿ ಸೂಜಿಯಷ್ಟು ಸಣ್ಣ ತೂತೊಂದಿದೆ. ಅದರೊಳಗಿನ ಗುಂಡಿಯನ್ನು ಹತ್ತು ಎಣಿಸುವವರೆಗೆ ಒತ್ತಿ ಹಿಡಿದರೆ ಪೆಟ್ಟಿಗೆ ಎಲ್ಲವನ್ನೂ ಮರೆತು, ಹುಟ್ಟಿದ ದಿನ ಹೇಗಿತ್ತೋ ಹಾಗಾಗುತ್ತದೆ. ಕಳ್ಳರಿಗೆ ಅದೇ ದಾರಿಯಾದೀತೆಂದು ತೂತಿಗೆ ಅರಗು ಹುಯ್ದೆ, ಅರಗಿನ ಮೇಲೆ ಸಿಮೆಂಟು ಮೆತ್ತಿದೆ, ಸಿಮೆಂಟಿನ ಮೇಲೆ ನಗರಸಭೆಯ ಮೊಹರು ಒತ್ತಿದೆ. ಅಷ್ಟು ಭದ್ರವಾದ ತೂತು ನಾಲ್ಕು ಜಿಲ್ಲೆಯಲ್ಲಿ ಇರಲಿಲ್ಲ.

ಆಮೇಲೆ ಬಾಗಿಲುಗಳ ಸರದಿ. ಯಾವ ಬಾಗಿಲು ಬೇಕು, ಯಾವುದು ಬೇಡ ಎಂದು ಮನೆಮನೆಗೆ ಹೋಗಿ ಕೇಳಿದರೆ ಎಲ್ಲರೂ ಎಲ್ಲವೂ ಬೇಕೆನ್ನುತ್ತಾರೆ. ಅದಕ್ಕೆ ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿದೆ, ಕೂಗು ಪರೀಕ್ಷೆ ಅಂತ. ಬಾಗಿಲು ಮುಚ್ಚಬೇಕು, ಕಿಟಕಿ ತೆರೆದಿಟ್ಟು ಕೂರಬೇಕು. ಎಂಟು ದಿನದಲ್ಲಿ ಯಾರಾದರೂ ಬಂದು ಕೂಗಾಡಿದರೆ ಬಾಗಿಲು ಬೇಕು. ಕೂಗದಿದ್ದರೆ ಬೇಡ. ಕೂಗಿಯೇ ಹೇಳಬೇಕು, ಚೀಟಿ ನಡೆಯುವುದಿಲ್ಲ, ಪರೀಕ್ಷೆಯ ಹೆಸರೇ ಹಾಗಿದೆ. ಹನ್ನೊಂದನ್ನು ಮುಚ್ಚಿ ನೋಡಿದೆ. ಒಂಬತ್ತು ನಿಮಿಷಕ್ಕೆ ನಾನೂರು ಹೆಂಗಸರು ಸೌಟು ಹಿಡಿದು ಬಂದರು. ಗಡಿಯಾರದ ಗಂಟೆಗೆಂದಿದ್ದ ಮೂವತ್ತೇಳನ್ನು ಮುಚ್ಚಿದಾಗ ಮೂವರು ಬಂದು ಗಂಟೆ ಎಷ್ಟೆಂದು ಕೂಗಿದರು. ಹೀಗೆ ಹದಿನೆಂಟು ಬಾಗಿಲು ಬೇಡವೆಂದು ಖಾತ್ರಿಯಾಯಿತು.

ಪರೀಕ್ಷೆಗೆ ಕೊನೆಯಲ್ಲಿ ಉಳಿದದ್ದು ಇಪ್ಪತ್ಮೂರನೇ ನಂಬರಿನ ಬಾಗಿಲು. ಪಟ್ಟಿಯಲ್ಲಿ ಅದರ ಮುಂದೆ ‘ಹಳೆಯದು, ಬೀಗವಿಲ್ಲ, ಬಳಕೆ ತಿಳಿಯದು’ ಎಂದು ಮಾತ್ರ ಇತ್ತು. ಲೋಕದಲ್ಲಿ ಇಂಥ ಪೆಟ್ಟಿಗೆಗಳು ಮೊದಮೊದಲು ಬಂದಾಗ ಮಾತು, ವಾಸನೆ ಯಾವುದೂ ಹೋಗುತ್ತಿರಲಿಲ್ಲ, ತಟ್ಟಿದ ಸದ್ದು ಮಾತ್ರ ಹೋಗುತ್ತಿತ್ತು. ಆ ಕಾಲದ ಬಾಗಿಲು ಅದು. ಲಾಗ್ ನೋಡಿದರೆ ದಿನಕ್ಕೆ ಒಂದೇ ಸಲ ಬಳಕೆ. ಸಂಜೆ ನಾಲ್ಕೂಕಾಲಿಗೆ ತಂತಿ ಬೀದಿಯ ಬೊಮ್ಮಲಿಂಗಯ್ಯನವರ ಮನೆಯಿಂದ ಗುಡ್ಡದ ಮೇಲಿನ ಹೊಂಬಾಳಮ್ಮನವರ ಮನೆಗೆ ಒಂದಷ್ಟು ತಟ್ಟು. ಮರುನಿಮಿಷ ಅಲ್ಲಿಂದ ಇಲ್ಲಿಗೆ ಒಂದಷ್ಟು ತಟ್ಟು. ಆತ ಛತ್ರಿ ರಿಪೇರಿಯವರು, ಆಕೆ ಹಪ್ಪಳ ಮಾಡುವವರು, ಇಬ್ಬರೂ ಕುಟ್ಟುವ ಬಡಿಯುವ ಜನ. ಕೆಲಸದ ಸದ್ದು ಸೋರುತ್ತಿದೆ ಎಂದುಕೊಂಡು ಮುಚ್ಚಿಬಿಟ್ಟೆ.

ಎರಡನೆಯ ದಿನ ಬೊಮ್ಮಲಿಂಗಯ್ಯನವರು ಬಂದರು. ಒಂದು ಕಾಲಕ್ಕೆ ಊರಿನಲ್ಲಿ ಡಂಗುರ ಸಾರುತ್ತಿದ್ದವರು ಅವರೇ. ಅವರು ಬಾಯಿ ತೆರೆದರೆ ಹದಿಮೂರು ಹಳ್ಳಿಯ ದನ ತಲೆಯೆತ್ತುತ್ತಿದ್ದವು. ಆರು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಗಿ ದನಿ ಪೂರ್ತಿ ಹೋಯಿತು. ಈಗ ಏನಿದ್ದರೂ ಸ್ಲೇಟು, ಬಳಪ, ಕೈಸನ್ನೆ.

“ಬನ್ನಿ ಬೊಮ್ಮಲಿಂಗಯ್ಯನೋರೆ. ದೂರಾ?” ಎಂದೆ.

ತಲೆಯಾಡಿಸಿದರು.

“ಹಂಗಾದ್ರೆ ಕೂಗಿ.”

ಬಾಯಿ ತೆರೆದರು. ಗಾಳಿ ಬಂತು. ಗಾಳಿಯನ್ನು ದಾಖಲಿಸಿಕೊಳ್ಳುವ ಕಾಲಂ ನನ್ನ ಪುಸ್ತಕದಲ್ಲಿರಲಿಲ್ಲ. ಆತ ನನ್ನ ಮೇಜಿನ ಮೇಲೆ ಬೆರಳಿನಿಂದ ಆರು ಸಲ ತಟ್ಟಿ, ನಿಲ್ಲಿಸಿ, ಹನ್ನೆರಡು ಸಲ ತಟ್ಟಿದರು. ಮೇಜು ಗಟ್ಟಿಯಾಗಿದೆ, ತೇಗದ್ದು ಎಂದೆ. ಮುಖ ಕೆಂಪಗೆ ಮಾಡಿಕೊಂಡು ಒಂದು ಚೀಟಿ ಬರೆದು ನನ್ನ ಮುಂದಿಟ್ಟರು. ಚೀಟಿ ನಡೆಯುವುದಿಲ್ಲ, ನಿಯಮ ಅಂದರೆ ನಿಯಮ, ಆದರೂ ನೀವು ಹಿರಿಯರು ಎಂದು ಹೇಳಿ ಅದನ್ನು ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡೆ. ಕಡ್ಡಿ ಮುರಿದ ನನ್ನ ಛತ್ರಿಯನ್ನೂ ಅವರ ಕೈಗೆ ಕೊಟ್ಟೆ, ಬಂದವರು ಬರಿಗೈಲಿ ಹೋಗಬಾರದು ಎಂದು.

ಎಂಟು ದಿನವಾಯಿತು. ಯಾರೂ ಕೂಗಲಿಲ್ಲ. ಇಪ್ಪತ್ಮೂರನ್ನು ಪಟ್ಟಿಯಿಂದಲೇ ಹೊಡೆದುಹಾಕಿದೆ. ಈಗ ಉಳಿದದ್ದು ಕಟ್ಟಳೆ ಬರೆಯುವ ಕೆಲಸ. ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಎಂದು ಪೆಟ್ಟಿಗೆಗೆ ಸಾಲುಸಾಲಾಗಿ ಹೇಳಿಡಬೇಕು. ಬರೆಯಲು ಕೂತಾಗ ನನಗೊಂದು ಗಾಂಭೀರ್ಯ ಬಂತು. ಕಾಯಿದೆಯ ಪುಸ್ತಕಕ್ಕೆ ಇರುವಂಥ ಒಂದು ಶಿರೋನಾಮೆ ಇದಕ್ಕೂ ಇರಲಿ ಅನಿಸಿತು. ಎಲ್ಲಕ್ಕೂ ಮೇಲೆ ದಪ್ಪಗೆ ‘ಯಾರನ್ನೂ ಬಿಡಬೇಡ’ ಎಂದು ಬರೆದೆ. ಅದರ ಕೆಳಗೆ ಹನ್ನೊಂದನ್ನು ಬಿಡು, ಇಪ್ಪತ್ತೆರಡನ್ನು ಬಿಡು, ಎಂಬತ್ತನ್ನು ಬಿಡು ಎಂದು ಎಲ್ಲ ವಿನಾಯಿತಿಗಳನ್ನೂ ಬರೆದೆ. ಎಲ್ಲಕ್ಕೂ ಕೆಳಗೆ, ಕಟ್ಟಕಡೆಗೆ, ‘ನಿರ್ವಾಣಯ್ಯನನ್ನು ಬಿಡು’ ಎಂದು ನನ್ನ ಹೆಸರು ಹಾಕಿದೆ. ಮೊದಲು ಹಾಕಿಕೊಳ್ಳಬಹುದಿತ್ತು. ಊರಿನವರೆಲ್ಲ ಆದಮೇಲೆ ನನ್ನದಿರಲಿ ಎಂದು ವಿನಯ ತೋರಿಸಿದೆ. ನನ್ನ ಜೀವಮಾನದಲ್ಲಿ ನಾನು ತೋರಿಸಿದ ವಿನಯ ಅದೊಂದೇ, ಅದೇ ನನ್ನನ್ನು ಹಾಳುಮಾಡಿತು. ಬರೆದದ್ದನ್ನು ಭದ್ರವಾಗಿರಲಿ ಎಂದು ಮೂರು ಸಲ ಸೇವ್ ಮಾಡಿದೆ.

ಪೆಟ್ಟಿಗೆ ಮೇಲಿನಿಂದ ಓದುತ್ತದೆ. ಮೊದಲು ಯಾವ ಸಾಲು ಒಪ್ಪುತ್ತದೋ ಅಲ್ಲೇ ನಿಂತುಬಿಡುತ್ತದೆ, ಕೆಳಗೆ ಇಳಿಯುವುದಿಲ್ಲ. ಇದು ನನಗೆ ಗೊತ್ತಿತ್ತು. ಇದರ ಮೇಲೆ ಪಕ್ಕದ ಊರಿನವರಿಗೆ ಒಂದು ಗಂಟೆ ಭಾಷಣ ಕೂಡ ಮಾಡಿದ್ದೆ.

ಊರು ನಿಂತುಹೋಯಿತು. ಒಂದು ಮನೆಯ ಕೆಮ್ಮು ಇನ್ನೊಂದಕ್ಕಿಲ್ಲ, ಒಂದು ಅಡುಗೆಮನೆಯ ಘಮ ಇನ್ನೊಂದಕ್ಕಿಲ್ಲ. ಸುದ್ದಿ ಬರಲಿಲ್ಲವೆಂದು ಜನ ಹೊಸಿಲ ಮೇಲೆ ಬಂದು ನಿಂತು, ಏನು ಮಾಡಬೇಕೆಂದು ತಿಳಿಯದೆ ಒಬ್ಬರನ್ನೊಬ್ಬರು ನೋಡತೊಡಗಿದರು. ನಾನು ಸರಿಮಾಡಲು ಹೋದರೆ ಪೆಟ್ಟಿಗೆ ನನ್ನ ಪಾಸ್‌ವರ್ಡ್ ಕೇಳಲೇ ಇಲ್ಲ, ಕೇಳುವ ಮೊದಲೇ ಅಟ್ಟಿತು. ಸ್ವಿಚ್ಚು ಆರಿಸಿ ಮತ್ತೆ ಹಾಕಿದೆ. ಮೂರು ಸಲ ಸೇವ್ ಮಾಡಿದ್ದು ಮೂರು ಸಲಕ್ಕೂ ನೆನಪಿತ್ತು ಅದಕ್ಕೆ. ಸಿಮೆಂಟು ಒಡೆದೆ, ಅದು ಬಂತು. ಒಳಗಿನ ಅರಗಿಗೆ ಗುಂಡುಪಿನ್ನು, ದಬ್ಬಣ, ಹೆಂಡತಿಯ ಹೇರ್‌ಪಿನ್ನು ಹಾಕಿದೆ, ಎಲ್ಲವೂ ಬಾಗಿದವು. ಕಾಯಿಸಿದರೆ ಪೆಟ್ಟಿಗೆಯೇ ಕರಗುತ್ತದೆ.

ಮರುದಿನ ಬೆಳಿಗ್ಗೆ ಜಲಜಾಕ್ಷಿ ಮೇಡಂ ಬಂದರು. ಅವರು ಸಿಟ್ಟು ಮಾಡಲಿಲ್ಲ, ಅದು ಇನ್ನೂ ಕೆಟ್ಟದ್ದು.

“ಭದ್ರ ಮಾಡಿ ಅಂದೆ. ಮಾಡಿದೀರಿ. ನೀವೂ ಒಳಕ್ಕೆ ಹೋಗೋ ಹಂಗಿಲ್ಲ ಅಲ್ವಾ?”

“ಇದಕ್ಕಿಂತ ಭದ್ರ ಇಲ್ಲ ಮೇಡಂ,” ಎಂದೆ.

“ಸರಿ. ಪೆಟ್ಟಿಗೆ ತೆರೆಯೋವರೆಗೂ ನೀವೇ ಹೊತ್ಕೊಂಡು ಹೋಗಿ ಕೊಡಿ. ನಿಮಗೆ ಕಾಲಿದೆಯಲ್ಲ.”

ಹೀಗೆ ನಾನು ಆ ದಿನ ಊರಿನ ಕಾಲಿಲ್ಲದ್ದನ್ನೆಲ್ಲ ಕಾಲಿನಲ್ಲಿ ಹಂಚಿದೆ. ಅಂಚೆ ಮನೆಯ ಸುಶೀಲಮ್ಮ ನಕ್ಕದ್ದನ್ನು ಅವರ ಅಕ್ಕನ ಮನೆಯ ಬಾಗಿಲಲ್ಲಿ ನಿಂತು ನಕ್ಕು ತೋರಿಸಿದೆ. ಅಷ್ಟು ಜೋರಾಗಿ ಅವಳು ನಗುವುದಿಲ್ಲ ಎಂದು ಅಕ್ಕ ತಕರಾರು ತೆಗೆದರು, ಇನ್ನೊಮ್ಮೆ ಕಡಿಮೆ ಮಾಡಿ ನಕ್ಕೆ. ಸಾರಿನ ಒಗ್ಗರಣೆಯನ್ನು ಮುಚ್ಚಳ ಹಾಕಿದ ಪಾತ್ರೆಯಲ್ಲಿ ಒಯ್ದು, ಮೂಗಿನ ಹತ್ತಿರ ಒಂದು ಕ್ಷಣ ತೆರೆದು ಮುಚ್ಚಿದೆ. ಎರಡು ಮನೆಯ ಜಗಳವನ್ನು ಒಬ್ಬನೇ ಆ ಕಡೆ ಈ ಕಡೆ ಓಡಾಡಿ ಜಗಳವಾಡಿದೆ. ಎರಡೂ ಮನೆಯವರು ನನ್ನನ್ನೇ ಬೈದರು, ಆದರೆ ತಮ್ಮತಮ್ಮಲ್ಲಿ ರಾಜಿಯಾದರು. ಒಟ್ಟು ಮೂರು ಸಾವಿರ ಸೀನು ಸೀನಿರಬೇಕು.

ಮಧ್ಯಾಹ್ನ ಊಟಕ್ಕೆ ಬಂದಾಗ ನನ್ನ ಹೆಂಡತಿ ಸರ್ವಮಂಗಳ ಒಗೆಯುವುದಕ್ಕೆ ತೆಗೆದಿದ್ದ ನನ್ನ ಅಂಗಿಯನ್ನು ಹಿಡಿದು ನಿಂತಿದ್ದಳು.

“ಏನ್ರೀ ಇದು ಚೀಟಿ? ‘ಇಪ್ಪತ್ಮೂರು ತೆಗೀರಿ, ನನ್ನ ಹುಲಿ ಕಾಯ್ತಾ ಇದೆ. ಬೊಮ್ಮಲಿಂಗಯ್ಯ.’ ಅವರೇನು ಹುಲಿ ಸಾಕಿದಾರಾ?”

“ಅದು ದೂರಲ್ಲ. ಅವರು ಕೂಗಲಿಲ್ಲ.”

“ದನಿ ಇಲ್ಲದೋರು ಹೆಂಗ್ರೀ ಕೂಗ್ತಾರೆ?”

ಇದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರವಿತ್ತು, ಆ ಹೊತ್ತಿಗೆ ನೆನಪಾಗಲಿಲ್ಲ. ಅವಳೇ ಮುಂದುವರಿಸಿದಳು. “ಬೀದಿ ಬಾಗಿಲಲ್ಲಿ ಯಾರನ್ನೂ ಬಿಡಬೇಡ ಅಂತ ಬರೆದು, ನನ್ನನ್ನ ಬಿಡು ಅಂತ ಹಿತ್ತಲಲ್ಲಿ ಬರೆದು ಬಂದೋರು ನೀವು. ಹೋಗಿ, ಅವರ ಹತ್ರಾನೇ ಹೋಗಿ. ಅರಗು ತೆಗೆಯೋಕೆ ಛತ್ರಿ ಕಡ್ಡಿ ಬೇಕು. ಉಕ್ಕು ಅದು, ಬಾಗಲ್ಲ.”

ಛತ್ರಿ ಕಡ್ಡಿಯ ವಿಚಾರ ನನಗೂ ಹೊಳೆಯುವುದರಲ್ಲಿತ್ತು.

ಬೊಮ್ಮಲಿಂಗಯ್ಯನವರ ಅಂಗಡಿ ಅಂದರೆ ಮನೆಯ ಜಗಲಿಯೇ. ಮೇಲೆ ಬಾವಲಿಗಳ ಹಾಗೆ ಛತ್ರಿಗಳು ನೇತಾಡುತ್ತವೆ. ಆತ ಒಂದು ಹಲಗೆಯ ಮುಂದೆ ಸುಮ್ಮನೆ ಕೂತಿದ್ದರು. ಹಲಗೆಯ ಮೇಲೆ ಗೆರೆ ಕೊರೆದಿತ್ತು, ಹುಲಿಕುರಿ ಆಟದ ಮಣೆ. ಗೆರೆ ಗೆರೆ ಕೂಡುವ ಇಪ್ಪತ್ಮೂರು ಜಾಗ, ಒಂದೊಂದಕ್ಕೂ ನಂಬರು ಬರೆದಿತ್ತು. ಮೂರು ಹುಣಸೆಬೀಜ ಹುಲಿಗಳು, ಬಿಳಿ ಗುಂಡಿಗಳು ಕುರಿಗಳು. ಹುಲಿ ಕುರಿಯ ಮೇಲೆ ಹಾರಿ ತಿನ್ನಬೇಕು, ಕುರಿಗಳು ಹುಲಿಯನ್ನು ಅಲುಗದ ಹಾಗೆ ಕಟ್ಟಬೇಕು. ನೋಡುತ್ತಿದ್ದ ಹಾಗೇ ನಾಲ್ಕೂಕಾಲಿನ ಆ ತಟ್ಟುಗಳು ಏನೆಂದು ನನಗೆ ಅರ್ಥವಾಯಿತು. ಆರು ತಟ್ಟಿ, ನಿಲ್ಲಿಸಿ, ಹನ್ನೆರಡು ತಟ್ಟಿದರೆ ಆರರಲ್ಲಿರುವ ಹುಲಿ ಹನ್ನೆರಡಕ್ಕೆ ಹೋಯಿತು ಅಂತ. ಈತ ಛತ್ರಿಯ ಹಿಡಿಯಿಂದ ತಟ್ಟುತ್ತಿದ್ದರು, ಆಕೆ ಲಟ್ಟಣಿಗೆಯಿಂದ. ದಿನಕ್ಕೆ ಒಂದೊಂದು ನಡೆ. ಆರು ವರ್ಷದಿಂದ ಒಂದೇ ಆಟ.

“ಒಂದು ಕಡ್ಡಿ ಬೇಕಿತ್ತು,” ಎಂದೆ.

ಆತ ಸ್ಲೇಟಿನ ಮೇಲೆ ಬರೆದರು: ‘ಮೊದಲು ಆಟ.’

“ನೀವೇ ಗುಡ್ಡ ಹತ್ತಿ ಹೋಗಿ ಹೇಳಬಹುದಿತ್ತಲ್ಲ? ಕಾಲು ಚೆನ್ನಾಗೇ ಇದೆ.”

ಆತ ನನ್ನನ್ನು, ಗೊತ್ತಿಲ್ಲದವನನ್ನು ನೋಡುವ ಹಾಗೆ ನೋಡಿದರು. ‘ಊರು ನೋಡುತ್ತೆ’ ಎಂದು ಬರೆದು, ಒರೆಸಿ, ‘ಬಾ ಅಂತ ಆಕೆ ಕರೆದಿಲ್ಲ’ ಎಂದು ಬರೆದು, ಅದನ್ನೂ ಒರೆಸಿದರು. ಆಮೇಲೆ ಹಲಗೆಯ ಮೇಲೆ ಆರು, ಹನ್ನೆರಡು ತಟ್ಟಿ ನನ್ನ ಕಡೆ ಬೆರಳು ತೋರಿಸಿದರು.

ಗುಡ್ಡಕ್ಕೆ ತೊಂಬತ್ತೆರಡು ಮೆಟ್ಟಿಲು. ನಾನು ಎಲ್ಲರಿಗೂ ಏಳುನೂರು ಎಂದು ಹೇಳುತ್ತೇನೆ, ಆದರೆ ಆ ದಿನ ಎಣಿಸಿದ್ದೆ. ಹೊಂಬಾಳಮ್ಮ ಬಿಸಿಲುಮಚ್ಚಿನಲ್ಲಿ ಹಪ್ಪಳ ಹರವುತ್ತಿದ್ದರು. ಅಂಚಿನಲ್ಲಿ, ನೆರಳಿದ್ದ ಕಡೆ, ಅಂಥದೇ ಇನ್ನೊಂದು ಮಣೆ.

“ಬೊಮ್ಮಲಿಂಗಯ್ಯನೋರು ಕಳಿಸಿದಾರೆ ಅಮ್ಮಾ. ಆರರಿಂದ ಹನ್ನೆರಡಕ್ಕೆ.”

ಆಕೆ ಕೈಯ ಹಿಟ್ಟು ಒರೆಸಿಕೊಂಡರು. “ಹೌದಾ? ಈಗ ಜ್ಞಾಪಕ ಬಂತಾ?”

“ಪೆಟ್ಟಿಗೆ ಸ್ವಲ್ಪ ಕೆಟ್ಟಿತ್ತು. ಟೆಕ್ನಿಕಲ್ಲು.”

“ಪೆಟ್ಟಿಗೆ ಕೆಟ್ಟಿದ್ದು ನಿನ್ನೆ. ಈ ಯಪ್ಪ ತಟ್ಟಿ ಒಂಬತ್ತು ದಿನ ಆಯ್ತು. ಒಂಬತ್ತು ದಿನವೂ ನಾಲ್ಕು ಗಂಟೆಗೆ ಕೈ ತೊಳೆದು ಬಂದು ಇಲ್ಲಿ ಕೂತಿದೀನಿ. ಇದ್ದಾರೋ ಇಲ್ವೋ ಅಂತ ಮೊದಲ ದಿನ ಭಯ ಆಯ್ತು. ಎರಡನೇ ದಿನ ಇಲ್ಲಿಂದ್ಲೇ ಬಗ್ಗಿ ನೋಡಿದೆ, ನಿನ್ನ ಛತ್ರಿ ರಿಪೇರಿ ಮಾಡ್ತಾ ಕೂತಿದ್ರು. ನಿನ್ನ ಛತ್ರಿ ನನಗೆ ಗೊತ್ತಿಲ್ವಾ, ಊರಲ್ಲಿ ಕೆಂಪು ಛತ್ರಿ ಇರೋದು ಒಂದೇ.”

ಇಲ್ಲಿ ನಾನು ಹೇಳಿಬಿಡಬಹುದಿತ್ತು. ಇಪ್ಪತ್ಮೂರು ಮುಚ್ಚಿದವನು ನಾನು, ಅವರು ಚೀಟಿ ಕೊಟ್ಟರೂ ಓದದವನು ನಾನು. ಬಾಯಿ ತೆರೆದೆ. ಬೊಮ್ಮಲಿಂಗಯ್ಯನವರಿಗೆ ಬಂದ ಹಾಗೇ ನನಗೂ ಗಾಳಿ ಮಾತ್ರ ಬಂತು. ನಾನು ತಪ್ಪು ಮಾಡಿದೆ ಎಂಬ ಮಾತಿಗೆ ನನ್ನಲ್ಲಿ ಬಾಗಿಲೇ ಇಟ್ಟಿಲ್ಲ.

ಹೊಂಬಾಳಮ್ಮ ಹುಲಿಯನ್ನು ಆರರಿಂದ ಎತ್ತಿ ಹನ್ನೆರಡಕ್ಕಿಟ್ಟರು. ಆಟ ನನಗೂ ಬರುತ್ತದೆ. ಬರುತ್ತದೆ ಏನು, ಜಿಲ್ಲೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಎರಡು ಹುಲಿ ಆಗಲೇ ಕಟ್ಟಿಬಿದ್ದಿದ್ದವು. ಮೂರನೆಯದಕ್ಕೆ ಇದ್ದದ್ದು ಎರಡೇ ಜಾಗ, ಆರು ಮತ್ತು ಹನ್ನೆರಡು. ಅದು ದಿನಾ ಆರರಿಂದ ಹನ್ನೆರಡಕ್ಕೆ, ಹನ್ನೆರಡರಿಂದ ಆರಕ್ಕೆ ಓಡಾಡುತ್ತಿತ್ತು. ಈಗ ಅದು ಹನ್ನೆರಡರಲ್ಲಿದೆ. ಪಕ್ಕದ ಏಳರಲ್ಲಿರುವ ಕುರಿಗೆ ಹೋಗಲು ಎರಡೇ ದಾರಿ, ಆರಕ್ಕೆ ಇಲ್ಲವೇ ಎಂಟಕ್ಕೆ. ಆರಕ್ಕೆ ಇಟ್ಟರೆ ಹುಲಿಗೆ ಜಾಗವಿಲ್ಲ, ಆಟ ಮುಗಿಯಿತು.

“ಅಮ್ಮಾ!” ಎಂದು ಕೂಗಿದೆ. “ಏಳರದನ್ನ ಆರಕ್ಕಿಟ್ರೆ ಗೆದ್ರಿ!”

“ಗೊತ್ತು ಕಣಯ್ಯಾ. ಎರಡು ವರ್ಷದಿಂದ ಗೊತ್ತು.”

“ಮತ್ತೆ ಯಾಕೆ ಇಡಲಿಲ್ಲ?”

“ಇಟ್ಟಿದ್ರೆ ಮಾರನೇ ದಿನ ನಾಲ್ಕೂಕಾಲಿಗೆ ಏನು ಮಾಡ್ಲಿ? ಹಪ್ಪಳ ಮಗುಚ್ಲಾ?” ಆಕೆ ಮಣೆಯನ್ನೇ ನೋಡುತ್ತಿದ್ದರು. “ದಿನಾ ಬೇರೆ ಕುರಿ ಆಡಿಸ್ಕೊಂಡು ಎಳೀತಿದ್ದೆ. ಈಗ ಅವರಿಗೇ ಬೇಡವಾದಮೇಲೆ ನಾನ್ಯಾಕೆ ಎಳೀಲಿ? ಮುಗಿಸೋಣ. ಹೋಗಿ ಹೇಳು, ಏಳರಿಂದ ಆರಕ್ಕೆ.”

ಏಳರ ಗುಂಡಿಯನ್ನು ಎತ್ತಿ ಆರಕ್ಕಿಟ್ಟರು. ಮತ್ತೆ ಹಿಟ್ಟಿನ ಕಡೆ ತಿರುಗಿಕೊಂಡರು.

ತೊಂಬತ್ತೆರಡು ಮೆಟ್ಟಿಲು ಇಳಿಯುವಾಗ ನನ್ನ ತಲೆಯಲ್ಲಿ ಇದ್ದದ್ದು ಊರಲ್ಲ, ಪೆಟ್ಟಿಗೆಯೂ ಅಲ್ಲ. ಇಪ್ಪತ್ಮೂರನ್ನು ಮತ್ತೆ ತೆರೆದರೂ ಅದರಲ್ಲಿ ಹೋಗುವುದಕ್ಕೆ ನಾಳೆಯಿಂದ ಏನೂ ಇರುವುದಿಲ್ಲ ಎಂಬುದೊಂದೇ ಇತ್ತು. ನಲವತ್ತನೇ ಮೆಟ್ಟಿಲಿನಲ್ಲಿ ಕೂತು ಸುಧಾರಿಸಿಕೊಂಡೆ. ಬೆಳಗಿನಿಂದ ನಾನು ಊರಿನವರ ನಗು ಹೊತ್ತಿದ್ದೆ, ಸೀನು ಹೊತ್ತಿದ್ದೆ, ಜಗಳ ಹೊತ್ತಿದ್ದೆ. ಒಂದೊಂದಕ್ಕೂ ಒಂದು ಚಿಟಿಕೆ ನನ್ನದನ್ನು ಸೇರಿಸದೆ ಕೊಟ್ಟೇ ಗೊತ್ತಿರಲಿಲ್ಲ.

ಬೊಮ್ಮಲಿಂಗಯ್ಯನವರು ಜಗಲಿಯ ಅಂಚಿಗೆ ಬಂದು ನಿಂತಿದ್ದರು. ನನ್ನನ್ನು ನೋಡಿ ಹುಬ್ಬು ಏರಿಸಿದರು.

“ಏಳರಿಂದ ಎಂಟಕ್ಕೆ,” ಎಂದೆ.

ಆತ ಹಲಗೆಯ ಹತ್ತಿರ ಹೋಗಿ ಬಿಳಿ ಗುಂಡಿಯನ್ನು ಏಳರಿಂದ ಎತ್ತಿ ಎಂಟಕ್ಕಿಟ್ಟರು. ತುಂಬ ಹೊತ್ತು ಅದನ್ನೇ ನೋಡಿದರು. ಸ್ಲೇಟು ತೆಗೆದುಕೊಂಡರು. ‘ಆಕೆ ಇದನ್ನೇ ಹೇಳಿದರಾ?’

“ನನ್ನ ತಾಯಾಣೆ,” ಎಂದೆ. ನನ್ನ ತಾಯಿ ತೀರಿಕೊಂಡು ಹನ್ನೆರಡು ವರ್ಷವಾಗಿದೆ, ಅವರಿಗೆ ಇದರಿಂದ ತೊಂದರೆಯೇನೂ ಇಲ್ಲ. “ಲಟ್ಟಣಿಗೇಲಿ ತಟ್ಟಿ ತೋರಿಸಿದ್ರು. ಹಪ್ಪಳ ಕೊಡ್ತೀನಿ ತಗೊಂಡು ಹೋಗು ಅಂದ್ರು, ನಾನೇ ಬೇಡ ಅಂದೆ.”

ಹಪ್ಪಳದ ಮಾತು ಅತಿಯಾಯಿತೇನೋ. ಆತ ನನ್ನ ಮುಖವನ್ನು, ಗುಡ್ಡವನ್ನು, ಮತ್ತೆ ನನ್ನ ಮುಖವನ್ನು ನೋಡಿದರು. ಆಮೇಲೆ ಗೋಡೆಗೆ ಒರಗಿಸಿದ್ದ ನನ್ನ ಕೆಂಪು ಛತ್ರಿಯನ್ನು ತೆಗೆದು, ರಿಪೇರಿಯಾಗಿದ್ದ ಆ ಕಡ್ಡಿಯನ್ನೇ ಚಕ್ಕನೆ ಕಿತ್ತು, ಕೈಯಲ್ಲಿ ಹಿಡಿದು, ನಡಿ ಎಂದು ಸನ್ನೆ ಮಾಡಿದರು.

ಅರಗು ಕೊರೆಯಲು ಆತನಿಗೆ ನಾಲ್ಕು ನಿಮಿಷ ಬೇಕಾಯಿತು. ಒಳಗಿನ ಗುಂಡಿಯನ್ನು ಒತ್ತಿ ಹಿಡಿದುಕೊಂಡು, ದನಿಯಿಲ್ಲದ ತುಟಿಯಲ್ಲೇ ಹತ್ತರವರೆಗೆ ಎಣಿಸಿದರು. ಪೆಟ್ಟಿಗೆಯ ದೀಪಗಳೆಲ್ಲ ಆರಿ, ಒಂದೊಂದಾಗಿ ಹತ್ತಿಕೊಂಡವು. ಅಷ್ಟರಲ್ಲಿ ಊರಿನ ಎರಡು ದಿನದ ಒಗ್ಗರಣೆ ಒಟ್ಟಿಗೆ ಬಂದು ಬೀದಿಯಲ್ಲಿ ಒಬ್ಬೊಬ್ಬರೂ ಹದಿನೈದು ಸಲ ಸೀನಿದರು. ಸುಶೀಲಮ್ಮನ ನಿಜವಾದ ನಗು ಅವರ ಅಕ್ಕನ ಮನೆಗೆ ಮುಟ್ಟಿತು. ನಾನು ನಕ್ಕದ್ದೇ ಚೆನ್ನಾಗಿತ್ತು ಎಂದು ಅಕ್ಕ ಹೇಳಿದರಂತೆ.

ನನ್ನ ಕಟ್ಟಳೆಗಳೆಲ್ಲ ಹೋಗಿದ್ದವು. ನಲವತ್ತೊಂದು ಬಾಗಿಲೂ ಹಾರುಹೊಡೆದಿದ್ದವು, ಇಪ್ಪತ್ಮೂರೂ ಸೇರಿ.

ಮಾರನೆಯ ದಿನ ನಾಲ್ಕು ಗಂಟೆಗೇ ನಾನು ಲಾಗಿನ ಮುಂದೆ ಕೂತೆ. ನನಗೆ ಬೆವರುವ ಅಭ್ಯಾಸವಿಲ್ಲ. ಆ ದಿನ ಸೆಕೆ ಜಾಸ್ತಿಯಿತ್ತು. ನಾಲ್ಕೂಕಾಲಿಗೆ ಸರಿಯಾಗಿ ತಂತಿ ಬೀದಿಯಿಂದ ತಟ್ಟು ಬಂತು. ಹನ್ನೆರಡು. ನಿಂತಿತು. ಆರು.

ಬೊಮ್ಮಲಿಂಗಯ್ಯನವರ ಮಣೆಯಲ್ಲಿ ಆರು ಖಾಲಿಯಿತ್ತು, ಹುಲಿ ಅಲ್ಲಿಗೆ ಬಂತು. ಹೊಂಬಾಳಮ್ಮನವರ ಮಣೆಯಲ್ಲಿ ಆರರಲ್ಲಿ ಕುರಿ ಕೂತಿತ್ತು, ಹುಲಿ ಸತ್ತಿತ್ತು. ಸತ್ತ ಹುಲಿ ಹೇಗೆ ನಡೆಯಿತು? ಆಕೆ ಒಂದೇ ಒಂದು ಸಲ ಏಳು, ಆರು ಎಂದು ತಟ್ಟಿದರೆ ಸಾಕು, ನಾನು ಹೇಳಿದ್ದು ಸುಳ್ಳೆಂದು ಇಬ್ಬರಿಗೂ ತಿಳಿಯುತ್ತದೆ, ಆಟವೂ ಮುಗಿಯುತ್ತದೆ.

ಯಾವಾಗಲೂ ಮರುನಿಮಿಷ ಬರುತ್ತಿದ್ದ ಉತ್ತರ ಬರಲಿಲ್ಲ. ಎರಡು ನಿಮಿಷ ಕಳೆಯಿತು. ಐದು ಕಳೆಯಿತು. ಯಾರೋ ಅರ್ಜಿ ಹಿಡಿದು ಬಂದರು, ನಾಳೆ ಬಾ ಎಂದು ಅಟ್ಟಿದೆ. ಹನ್ನೊಂದು ನಿಮಿಷವಾಯಿತು.

ಆಗ ಲಟ್ಟಣಿಗೆಯ ಸದ್ದು ಬಂತು. ಎಂಟು. ನಿಂತಿತು. ಏಳು.

ನಾನು ಎರಡು ಸಲ ಎಣಿಸಿದೆ. ಎಂಟರಿಂದ ಏಳಕ್ಕೆ. ಆಕೆಯ ಮಣೆಯಲ್ಲಿ ಎಂಟರಲ್ಲಿ ಕುರಿಯೇ ಇರಲಿಲ್ಲ. ಇರಬೇಕಾದರೆ, ಗೆದ್ದು ಕೂತಿದ್ದ ಆ ಕುರಿಯನ್ನು ಆರರಿಂದ ಎತ್ತಿ, ನಾನು ಸುಳ್ಳು ಹೇಳಿದ ಜಾಗಕ್ಕೇ ಆಕೆ ತಾವಾಗಿ ಇಟ್ಟಿರಬೇಕು. ಏಳರಿಂದ ಹೋಗಲು ಇದ್ದದ್ದು ಎರಡೇ ದಾರಿ. ಒಂದು ಅಲ್ಲವಾದರೆ ಇನ್ನೊಂದು. ಹನ್ನೊಂದು ನಿಮಿಷ ಆಕೆಗೆ ಲೆಕ್ಕಕ್ಕೆ ಬೇಕಾಗಿರಲಾರದು.

ಆ ವಾರ ಜಲಜಾಕ್ಷಿ ಮೇಡಂ ವರದಿ ತೆಗೆದುಕೊಳ್ಳಲು ಬಂದರು. ಬಾಗಿಲು ಪಟ್ಟಿಯನ್ನು ಮೇಲಿನಿಂದ ಓದಿದರು. ಇಪ್ಪತ್ಮೂರರ ಮುಂದೆ ‘ಬಳಕೆ ಇದೆ, ಮುಚ್ಚತಕ್ಕದ್ದಲ್ಲ’ ಎಂದು ನಾನು ಕೆಂಪು ಶಾಯಿಯಲ್ಲಿ ಬರೆದಿದ್ದೆ. ಕೂಗು ಪರೀಕ್ಷೆಯ ನಿಯಮದಲ್ಲಿ ‘ಚೀಟಿಯೂ ನಡೆಯುತ್ತದೆ’ ಎಂದು ಸೇರಿಸಿದ್ದೆ, ಯಾಕೆಂದು ಅವರು ಕೇಳಲಿಲ್ಲ.

“ಪಾಸ್‌ವರ್ಡ್?”

“ಗುಟ್ಟು ಮೇಡಂ.”

“ಅಡ್ಮಿನ್ ತಾನೆ?”

ನಾನು ವರದಿಯ ಪುಟ ತಿರುಗಿಸಿ ಕೊಟ್ಟೆ. ಅವರು ನಿಟ್ಟುಸಿರು ಬಿಟ್ಟು ಕೊನೆಯ ಪ್ರಶ್ನೆಗೆ ಬಂದರು. ಒಬ್ಬರು ಕಳಿಸಿದ್ದನ್ನು ಇನ್ನೊಬ್ಬರಿಗೆ ಮುಟ್ಟುವ ಮೊದಲು ನಡುವೆ ಯಾರಾದರೂ ತಿದ್ದಿದ್ದುಂಟೇ, ಎಂದು ಫಾರಮಿನಲ್ಲಿತ್ತು.

“ನನ್ನ ಪೆಟ್ಟಿಗೆಯಲ್ಲಿ ಇವತ್ತಿನವರೆಗೂ ಒಂದು ತಟ್ಟೂ ಬದಲಾಗಿಲ್ಲ ಮೇಡಂ,” ಎಂದೆ. “ಬೇಕಾದ್ರೆ ಲಾಗ್ ನೋಡಿ.”

ಅವರು ನೋಡಿದರು. ನಾನು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಬದಲಾದದ್ದು ಕಾಲಿನಲ್ಲಿ ಹೋಗಿತ್ತು.